ಆಟದ ಗಣಕಕ್ಕೆ ಅವಸಾನ ಬಂದಿದೆಯೆ?

ಗಣಕಯಂತ್ರದ ಮೇಲೆ ಆಡುವ ಆಟಗಳ ಕಾಲ ಮುಗಿಯಿತು, ಇನ್ನೇನಿದ್ದರೂ ಕನ್ಸೋಲಿನದೇ ರಾಜ್ಯ ಎಂಬ ಮಾತು ಬಹಳ ವರ್ಷಗಳಿಂದ ಆಗಾಗ ಕೇಳಿಬರುತ್ತಿದೆ. ಕನ್ಸೋಲ್ ಎಂದರೆ ಟೆಲಿವಿಷನ್ನಿಗೆ ಜೋಡಿಸಿಕೊಂಡು ಆಡುವ, ಆಟಕ್ಕೆಂದೇ ನಿರ್ಮಿಸಿದ ಪೆಟ್ಟಿಗೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೊದಲಾದ ಹೆಸರುಗಳು ನಮ್ಮ ವಾಚಕರಿಗೆ ಹೊಸವಲ್ಲ. ಈ ಮಾತಿನ ಸತ್ಯಾಸತ್ಯತೆಯನ್ನು ಟೋಕಿಯೊ ನಗರದಲ್ಲಿ ನಿಂತು ವಿಚಾರಿಸಿದರೆ ಒಂದು ಉತ್ತರ ದೊರೆಯುವುದು. ರಾಯಚೂರಿನ ತೀನ್ ಕಂದೀಲಿನ ಬಳಿಯಲ್ಲೋ, ಮಾನ್ವಿ ಅಥವಾ ದೇವದುರ್ಗದ ಬಸ್ ನಿಲ್ದಾಣದ ಎದುರಿಗೋ ನಿಂತು ವಿಚಾರಿಸಿದರೆ ಬೇರೆಯೇ ಉತ್ತರ ದೊರೆಯುವುದು. ಈ ಎರಡನೆಯ ಉತ್ತರವೇ ನಮಗೆ ಮುಖ್ಯ.

ಮೊದಲು ಹೊರಜಗತ್ತಿನ ಸಂಗತಿ. ಗಣಕದ ಆಟಗಳನ್ನು ಮಾರುವ ಸ್ಟೀಮ್ ಎಂಬ ಜಾಲದಂಗಡಿಯಲ್ಲಿ ಒಂದೇ ಕ್ಷಣಕ್ಕೆ ಹಾಜರಿದ್ದವರ ಸಂಖ್ಯೆ 2025ರ ಮಾರ್ಚಿಯಲ್ಲಿ 4 ಕೋಟಿಯನ್ನು ದಾಟಿತು. ಇತ್ತ ಕನ್ಸೋಲೂ ಸೊರಗಿಲ್ಲ. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 2 ಒಂದೇ 16 ಕೋಟಿಗೂ ಹೆಚ್ಚು ಮಾರಾಟವಾಗಿದೆ. ವಾಸ್ತವವಾಗಿ ಇವೆರಡರ ಜಗಳ ದಾಯಾದಿಗಳ ಜಗಳ. 2001ರಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್‌ನ ಒಳಗಿದ್ದುದು ಇಂಟೆಲ್‌ನ ಪೆಂಟಿಯಮ್ ಜಾತಿಯ ಸಂಸ್ಕಾರಕ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗಳ ಸಂಸ್ಕಾರಕಗಳೂ ಮೇಜಿನ ಗಣಕದ ವಂಶದವೇ. ತನ್ನ ಪೆಟ್ಟಿಗೆಗೆಂದೇ ಕಾಯ್ದಿರಿಸಿದ್ದ ದೊಡ್ಡ ಆಟಗಳನ್ನು ಸೋನಿ ಸಂಸ್ಥೆಯೇ 2020ರಿಂದ ಒಂದೊಂದಾಗಿ ಗಣಕಕ್ಕೂ ತರತೊಡಗಿತು. ಮುಳುಗುವ ಸಂತೆಗೆ ಯಾವ ವ್ಯಾಪಾರಿಯೂ ಮೂಟೆ ಹೊತ್ತು ಬರುವುದಿಲ್ಲ. ಆದುದರಿಂದ ಜಗತ್ತಿನ ಮಟ್ಟದಲ್ಲಿ ಗಣಕದ ಆಟಕ್ಕೆ ಅವಸಾನ ಬಂದಿದೆ ಎಂಬುದು ನಿಜವಲ್ಲ.

ಇನ್ನು ನಮ್ಮ ಕಡೆಯ ಮಾತು. ಈ ಶತಮಾನದ ಮೊದಲ ಹದಿನೈದು ವರ್ಷಗಳಲ್ಲಿ ರಾಯಚೂರಿನಂತಹ ಊರುಗಳ ಹುಡುಗರು ಗಣಕವನ್ನು ಕಂಡದ್ದು ಬಹುಮಟ್ಟಿಗೆ ಸೈಬರ್ ಕೆಫೆಗಳಲ್ಲಿ. ಗಂಟೆಗೆ ಹತ್ತೋ ಇಪ್ಪತ್ತೋ ರೂಪಾಯಿ ಕೊಟ್ಟು, ಪ್ಲೈವುಡ್ ಗೂಡಿನಲ್ಲಿ ಇಬ್ಬರು ಮೂವರು ಒಂದೇ ಬೆಂಚಿನ ಮೇಲೆ ಒತ್ತಿ ಕುಳಿತು, ಕೌಂಟರ್‌ಸ್ಟ್ರೈಕ್, ವೈಸ್ ಸಿಟಿ ಮೊದಲಾದ ಆಟಗಳನ್ನು ಆಡುತ್ತಿದ್ದರು. (ಆ ಆಟಗಳ ಪ್ರತಿಗಳೆಲ್ಲ ಬೆಲೆ ತೆತ್ತು ಕೊಂಡವೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತುವುದಿಲ್ಲ.) ಇಂದು ಅಂತಹ ಅಂಗಡಿಗಳು ಉಳಿದಿದ್ದರೆ ಅರ್ಜಿ ತುಂಬುವ, ಪಹಣಿ ತೆಗೆಯುವ, ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ಬರೆದುಕೊಡುವ ಕೇಂದ್ರಗಳಾಗಿ ಉಳಿದಿವೆ. ಕೀಲಿಮಣೆಯ ಮೇಲೆ ಈಗ ಬೆರಳಾಡಿಸುವವನು ಅಂಗಡಿಯವನೊಬ್ಬನೇ; ಹುಡುಗರು ಕೌಂಟರಿನ ಈಚೆ ನಿಂತು ಆಧಾರ್ ಸಂಖ್ಯೆಯನ್ನು ಓದಿ ಹೇಳುತ್ತಾರೆ.

ಅವರನ್ನು ಗಣಕದ ಮುಂದಿನಿಂದ ಎಬ್ಬಿಸಿದ್ದು ಕನ್ಸೋಲೆ? ಖಂಡಿತ ಅಲ್ಲ. 2021ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 49,990 ರೂಪಾಯಿ. ಟೆಲಿವಿಷನ್ ಬೇರೆ, ಆಟಗಳ ಕ್ರಯ ಬೇರೆ. ಮಾನ್ವಿ ತಾಲ್ಲೂಕಿನಲ್ಲಿ ಭತ್ತ ಬೆಳೆಯುವ ಸಣ್ಣ ಹಿಡುವಳಿದಾರನ ಮನೆಗೆ ಈ ಯಂತ್ರ ಬರುವುದುಂಟೆ? ಎಬ್ಬಿಸಿದ್ದು ಕೈಫೋನು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಇಂಟರ್‌ನೆಟ್ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಆಟದ ಫೋನ್ ಆವೃತ್ತಿ ಬಂದಿತು. ಅದನ್ನು ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರಲ್ಲಿ ಅದು ಬೇರೆ ಹೆಸರಿನಿಂದ ಬಂದು, 2022ರಲ್ಲಿ ಮತ್ತೆ ತಡೆಯಲ್ಪಟ್ಟು, 2023ರಲ್ಲಿ ಮತ್ತೆ ಮರಳಿತು. ಹುಡುಗರು ಮಾತ್ರ ಕೆಫೆಗೆ ಮರಳಲಿಲ್ಲ.

ಹಣವೊಂದೇ ಇದಕ್ಕೆ ಕಾರಣವೆಂದು ನಾವು ತಿಳಿಯುವುದಿಲ್ಲ. ಇದರಲ್ಲಿ ಭೌತವಿಜ್ಞಾನದ ಪಾತ್ರವೂ ಉಂಟು. ಅದನ್ನು ತುಸು ವಿವರವಾಗಿ ನೋಡಬೇಕು. ಗಣಕವು ಹೀರುವ ವಿದ್ಯುಚ್ಛಕ್ತಿಯೆಲ್ಲವೂ ಕಟ್ಟಕಡೆಗೆ ಶಾಖವಾಗಿ ಕೋಣೆಯನ್ನು ಸೇರುತ್ತದೆ. ಅದು ನೀರನ್ನು ಮೇಲೆತ್ತುವುದಿಲ್ಲ, ಹಿಟ್ಟನ್ನು ಬೀಸುವುದಿಲ್ಲ. ಲೆಕ್ಕ ಮಾಡಿ ಬಿಸಿಯಾಗುತ್ತದೆ, ಅಷ್ಟೆ. ಆಟವಾಡುವ ಒಂದು ಸಾಧಾರಣ ಗಣಕಕ್ಕೆ 250 ವಾಟ್ ಎಂದು ಹಿಡಿಯೋಣ. ಹತ್ತು ಗಣಕಗಳ ಕೆಫೆಯಲ್ಲಿ ಅದು 2,500 ವಾಟ್ ಆಯಿತು. ಸುಮ್ಮನೆ ಕುಳಿತ ಮನುಷ್ಯನ ದೇಹವೂ ಸುಮಾರು 100 ವಾಟಿನಷ್ಟು ಶಾಖವನ್ನು ಹೊರಚೆಲ್ಲುತ್ತದೆ. ಹತ್ತು ಮಂದಿಗೆ 1,000 ವಾಟ್. ಒಟ್ಟು 3,500 ವಾಟ್. ಒಂದು ಟನ್ನಿನ ಹವಾನಿಯಂತ್ರಣ ಯಂತ್ರ ಕೋಣೆಯಿಂದ ಹೊರಹಾಕಬಲ್ಲ ಶಾಖವೂ ಸರಿಸುಮಾರು ಇಷ್ಟೇ. ಎಂದರೆ ಗೋಡೆಯ ಮೂಲಕವೂ ಸೂರಿನ ಮೂಲಕವೂ ಬರುವ ಬಿಸಿಲಿನ ಕಾವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವ ಮೊದಲೇ ಒಂದು ಟನ್ನಿನ ಯಂತ್ರವು ಆಟಕ್ಕಾಗಿಯೇ ಮೀಸಲು! ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯವಾದ ರಾಯಚೂರಿನಲ್ಲಿ, ಗಂಟೆಗೆ ಇಪ್ಪತ್ತು ರೂಪಾಯಿ ಪಡೆಯುವ ಅಂಗಡಿಯವನು ಈ ಖರ್ಚನ್ನು ಹೇಗೆ ಹೊತ್ತಾನು?

ಯಂತ್ರದ ಪಾಡೂ ಇದಕ್ಕಿಂತ ಉತ್ತಮವಲ್ಲ. ಬಿಸಿಯಾದ ವಸ್ತುವಿನಿಂದ ಶಾಖ ಹೊರಹೋಗುವ ವೇಗವು ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಗುಣವಾಗಿರುತ್ತದೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಓದಿರುವರು. ಸಂಸ್ಕಾರಕದ ಬಿಲ್ಲೆಯನ್ನು 90 ಡಿಗ್ರಿಯೊಳಗೆ ಇಡಬೇಕೆಂದು ಭಾವಿಸಿ. ಕೋಣೆಯ ಗಾಳಿ 25 ಡಿಗ್ರಿ ಇದ್ದರೆ ಅಂತರ 65. 42 ಡಿಗ್ರಿ ಇದ್ದರೆ ಅಂತರ 48 ಮಾತ್ರ. ಅದೇ ಫ್ಯಾನು, ಅದೇ ಲೋಹದ ರೆಕ್ಕೆಗಳು. ಆದರೆ ಹೊರಹೋಗುವ ಶಾಖ ಕಾಲು ಭಾಗದಷ್ಟು ಕಡಿಮೆಯಾಯಿತು. ತನ್ನನ್ನು ಉಳಿಸಿಕೊಳ್ಳುವುದಕ್ಕಾಗಿ ಬಿಲ್ಲೆ ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತು ಆಟ ಎಳೆಯುತ್ತದೆ, ನಿಂತು ನಿಂತು ಓಡುತ್ತದೆ ಎಂದು ಹುಡುಗರು ಗೊಣಗುತ್ತಿದ್ದುದರ ಒಂದು ರಹಸ್ಯ ಇದು.

ಮೇಲಾಗಿ ಕರೆಂಟಿನ ಕಾಟ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿರುವ, ಈಗ 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವಿರುವ ಜಿಲ್ಲೆ ಇದು; ಆದರೂ ದೀಪದ ಬುಡದ ಕತ್ತಲೆ ಇಲ್ಲಿನ ಜನರಿಗೆ ಹೊಸದೇನಲ್ಲ. ಕರೆಂಟು ಹೋದ ಕ್ಷಣಕ್ಕೆ ಗಣಕವೂ ಕನ್ಸೋಲೂ ಏಕಪ್ರಕಾರವಾಗಿ ಕಣ್ಣು ಮುಚ್ಚುತ್ತವೆ. ಫೋನಿಗೆ ಈ ಭಯವಿಲ್ಲ. 5,000 ಮಿಲಿಆಂಪಿಯರ್-ಗಂಟೆಯ ಫೋನ್ ಬ್ಯಾಟರಿಯಲ್ಲಿ ಅಡಗಿರುವುದು ಸುಮಾರು 19 ವಾಟ್-ಗಂಟೆಯಷ್ಟು ಶಕ್ತಿ. ಇದು ನಮ್ಮ 250 ವಾಟಿನ ಗಣಕವನ್ನು ಐದು ನಿಮಿಷವೂ ನಡೆಸದು. ಫೋನನ್ನಾದರೋ ನಾಲ್ಕೈದು ಗಂಟೆ ಆಡಿಸುತ್ತದೆ. ಬಿಸಿಲೂ ಕತ್ತಲೂ ಕೂಡಿ ತೀರ್ಮಾನಿಸಿದ ಸ್ಪರ್ಧೆ ಇದು.

ಹೀಗಿರುವಾಗ ಫೋನಿನ ಮೇಲೆಯೇ ಆಡಲಿ, ಆಟಕ್ಕೇಕೆ ಇಷ್ಟು ಚಿಂತೆ ಎಂದು ಕೇಳುವವರುಂಟು. ನಮ್ಮ ಚಿಂತೆ ಆಟದ್ದಲ್ಲ, ಯಂತ್ರದ್ದು. ಕನ್ಸೋಲೂ ಫೋನೂ ಮುಚ್ಚಿದ ಪೆಟ್ಟಿಗೆಗಳು. ತಯಾರಕನು ಎಷ್ಟನ್ನು ಬಿಡುವನೋ ಅಷ್ಟು ಮಾತ್ರ ನಮ್ಮದು. ಗಣಕವಾದರೋ ತೆರೆದ ಯಂತ್ರ. ಆಡುವ ಮೇಜಿನ ಮೇಲೆಯೇ ಆಟವನ್ನು ಬಿಚ್ಚಿ, ತಿದ್ದಿ, ಹೊಸದನ್ನು ಕಟ್ಟಲು ಬರುತ್ತದೆ. ಇದು ಹುಟ್ಟುಗುಣ. 1962ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸಲ್ ಮತ್ತು ಗೆಳೆಯರು ಪಿಡಿಪಿ-1 ಯಂತ್ರದ ಮೇಲೆ 'ಸ್ಪೇಸ್‌ವಾರ್' ಆಟವನ್ನು ಬರೆದಾಗ, ಅದನ್ನು ಆಡಿದವರೇ ಅದಕ್ಕೆ ನಕ್ಷತ್ರಗಳನ್ನೂ ಗುರುತ್ವಾಕರ್ಷಣೆಯನ್ನೂ ಸೇರಿಸುತ್ತ ಹೋದರು.

ರಾಯಚೂರಿನ ಕೆಫೆಗಳಲ್ಲಿ ಅಷ್ಟೊಂದು ಆಡಲಾದ ಕೌಂಟರ್‌ಸ್ಟ್ರೈಕ್ ಯಾವ ದೊಡ್ಡ ಕಾರ್ಖಾನೆಯಲ್ಲಿ ಹುಟ್ಟಿತು? ಯಾವ ಕಾರ್ಖಾನೆಯಲ್ಲೂ ಅಲ್ಲ. 1999ರಲ್ಲಿ ಕೆನಡಾದ ಮಿನ್ ಲೇ ಎಂಬ ವಿದ್ಯಾರ್ಥಿಯೂ ಆತನ ಸಂಗಡಿಗನೂ 'ಹಾಫ್‌ಲೈಫ್' ಎಂಬ ಬೇರೊಂದು ಆಟವನ್ನು ತಿದ್ದಿ ಅದನ್ನು ಮಾಡಿದರು. ಅದರ ಜನಪ್ರಿಯತೆಯನ್ನು ಕಂಡು ಮೂಲ ಆಟದ ಒಡೆಯರೇ ಅದನ್ನು ಕೊಂಡುಕೊಂಡರು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾಗಿದ್ದ ಡೋಟಾ 2 ಆಟದ ಮೂಲವೂ ಇನ್ನೊಂದು ಆಟಕ್ಕೆ ಹವ್ಯಾಸಿಗಳು ಮಾಡಿದ ತಿದ್ದುಪಡಿಯೇ. ಇನ್ನೂ ಸೋಜಿಗವೆಂದರೆ, ಹುಡುಗರನ್ನು ಗಣಕದಿಂದ ಫೋನಿಗೆ ಎಳೆದ ಪಬ್‌ಜಿಯ ಬೀಜವೂ ಗಣಕದಲ್ಲಿಯೇ ಮೊಳೆಯಿತು. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಎಂಬವರು 'ಆರ್ಮಾ' ಎಂಬ ಸೈನಿಕ ಆಟವನ್ನು ತಿದ್ದುತ್ತ ತಿದ್ದುತ್ತ ಆ ಬಗೆಯ ಆಟವನ್ನು ರೂಪಿಸಿದರು. ಮುಚ್ಚಿದ ಪೆಟ್ಟಿಗೆಯಲ್ಲಿ ಆಡುವವರು ಕೋಟಿಗಟ್ಟಲೆ ಇರಬಹುದು. ಅವರಿಗೆ ತಿದ್ದುವ ಅವಕಾಶವಿಲ್ಲ.

ಮುಚ್ಚುವ ಅಧಿಕಾರ ತಯಾರಕನ ಕೈಯಲ್ಲಿ ಎಷ್ಟರಮಟ್ಟಿಗೆ ಇರುತ್ತದೆ ಎಂಬುದಕ್ಕೆ ಒಂದು ನಿದರ್ಶನ. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಂಡು ಅದನ್ನು ಗಣಕವಾಗಿ ಬಳಸಲು ಅನುಮತಿಯಿತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯವು 1,700ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹೆಣೆದು 2010ರಲ್ಲಿ ಒಂದು ಮಹಾಗಣಕವನ್ನೇ ನಿರ್ಮಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಸೋನಿ ಸಂಸ್ಥೆ ಹೊಸ ತಂತ್ರಾಂಶದ ಮೂಲಕ ಆ ಅನುಕೂಲವನ್ನು ಕಿತ್ತುಹಾಕಿತು. ಬೆಲೆ ಕೊಟ್ಟು ಕೊಂಡವರ ಮನೆಯೊಳಗಿನ ಯಂತ್ರ ರಾತ್ರಿ ಬೆಳಗಾಗುವುದರಲ್ಲಿ ಕುಗ್ಗಿತು. ಇದಕ್ಕೆ ಎದುರಾಗಿ 2012ನ್ನು ನೋಡಿ. ಟೊರಾಂಟೊ ವಿಶ್ವವಿದ್ಯಾನಿಲಯದ ಕ್ರಿಷೆವ್‌ಸ್ಕಿ, ಸುಟ್ಸ್‌ಕೆವರ್ ಮತ್ತು ಹಿಂಟನ್ ಎಂಬ ಮೂವರು, ಚಿತ್ರಗಳನ್ನು ಗುರುತಿಸುವ ನರಜಾಲವೊಂದನ್ನು ಕಲಿಸಲು ಬಳಸಿದ್ದು ಆಟಗಾರರಿಗೆಂದು ಅಂಗಡಿಯಲ್ಲಿ ಮಾರುತ್ತಿದ್ದ ಎರಡು ಚಿತ್ರಫಲಕಗಳನ್ನು. ಇಂದಿನ ಕೃತಕ ಬುದ್ಧಿಮತ್ತೆಯ ಅಬ್ಬರಕ್ಕೆ ದಾರಿ ತೆರೆದ ಪ್ರಯೋಗಗಳಲ್ಲಿ ಇದು ಮುಖ್ಯವಾದುದು. ಆಟಕ್ಕಾಗಿ ಮಾಡಿದ ಫಲಕ ವಿಜ್ಞಾನಿಯ ಕೈಗೆ ದೊರೆತದ್ದು ಅದು ತೆರೆದ ಗಣಕದಲ್ಲಿ ಕೂರುವಂತಹುದಾಗಿದ್ದರಿಂದ.

ಕನ್ಸೋಲಿನ ಪರವಾಗಿ ಹೇಳಬಹುದಾದ ಮಾತುಗಳನ್ನು ನಾವು ಅಲ್ಲಗಳೆಯುವುದಿಲ್ಲ. ಅಷ್ಟೇ ಚಿತ್ರಶಕ್ತಿಯ ಗಣಕಕ್ಕೆ ಹೆಚ್ಚು ಹಣ ಬೇಕು. ವೈರಸ್ಸಿನ ಕಾಟ, ತಂತ್ರಾಂಶ ಹೊಂದದ ಕಾಟ ಪೆಟ್ಟಿಗೆಯಲ್ಲಿ ಕಡಿಮೆ. ಆಡಿ ಎದ್ದುಹೋಗುವವನಿಗೆ ಅದು ಸುಖ. ಆದರೆ ಆ ಕಾಟಗಳಲ್ಲಿಯೇ ಒಂದು ಶಾಲೆ ಅಡಗಿತ್ತಲ್ಲವೆ? ಆಟ ತೆರೆಯದಿದ್ದಾಗ ಯಾವ ಕಡತ ಎಲ್ಲಿದೆ ಎಂದು ಹುಡುಕಿ, ಎರಡು ಗಣಕಗಳನ್ನು ತಂತಿಯಿಂದ ಜೋಡಿಸಿ, ಒಂದರ ವಿಳಾಸವನ್ನು ಇನ್ನೊಂದಕ್ಕೆ ಬರೆದು ಆಡಿದ ಹುಡುಗನು, ತನಗರಿವಿಲ್ಲದೆಯೇ ಜಾಲವಿಜ್ಞಾನದ ಮೊದಲ ಪಾಠವನ್ನು ಕಲಿತಿರುತ್ತಿದ್ದನು.

ಈ ಶಾಲೆ ಮುಚ್ಚಿದುದರ ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. ದೇಶದ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ಕುರಿತು 2023ರಲ್ಲಿ ನಡೆದ 'ಅಸರ್' ಸಮೀಕ್ಷೆಯ ಪ್ರಕಾರ ಸುಮಾರು ನೂರಕ್ಕೆ ತೊಂಬತ್ತು ಮನೆಗಳಲ್ಲಿ ಸ್ಮಾರ್ಟ್‌ಫೋನು ಉಂಟು. ಗಣಕ ಇರುವುದು ನೂರಕ್ಕೆ ಒಂಬತ್ತರಲ್ಲಿ. ಮನೆಯಲ್ಲಿ ಗಣಕವಿರುವ ಮಕ್ಕಳಲ್ಲಿ ನೂರಕ್ಕೆ 85ರಷ್ಟು ಅದನ್ನು ನಡೆಸಬಲ್ಲರು; ಇಲ್ಲದವರಲ್ಲಿ 34ರಷ್ಟು ಮಾತ್ರ. ಫೋನಿನ ಪಾಂಡಿತ್ಯ ಗಣಕಕ್ಕೆ ತಾನಾಗಿ ಹರಿದುಬರುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ರಾಯಚೂರಿನಲ್ಲಿಯೇ 2019ರಲ್ಲಿ ಸ್ಥಾಪಿತವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಸೇರಲು ಬರೆಯಬೇಕಾದ ಜೆಇಇ ಪರೀಕ್ಷೆ ನಡೆಯುವುದು ಗಣಕದ ಮೇಲೆ. ದೇವದುರ್ಗದ ಹಳ್ಳಿಯ ಹುಡುಗಿಯೊಬ್ಬಳು ಮೌಸನ್ನು ಮೊದಲ ಸಲ ಹಿಡಿಯುವುದು ಆ ಪರೀಕ್ಷೆಯ ಕೋಣೆಯಲ್ಲಿಯೇ ಆಗಬೇಕೆ? ಹುಡುಗಿ ಎಂದು ಬೇಕೆಂದೇ ಬರೆದಿದ್ದೇವೆ. ಹಳೆಯ ಕೆಫೆಗಳ ಗೂಡುಗಳಲ್ಲಿ ಹುಡುಗಿಯರಿಗೆ ಜಾಗವಿದ್ದುದು ಅಪರೂಪ. ಆದುದರಿಂದ ಆ ಕಾಲವೇ ಹಾಗೆಯೇ ಮರಳಲಿ ಎಂದು ನಾವು ಹಾರೈಸಲಾರೆವು.

ನಮ್ಮ ಸಲಹೆ ಸಣ್ಣದು. ಮಾನ್ವಿ, ದೇವದುರ್ಗಗಳ ಪ್ರೌಢಶಾಲೆ ಕಾಲೇಜುಗಳಲ್ಲಿ ಗಣಕಕೋಣೆಗಳಿರುವೆಡೆ ಅವುಗಳನ್ನು ಸಂಜೆ ಒಂದೂವರೆ ಗಂಟೆ ಆಟಕ್ಕೆ ತೆರೆಯಬೇಕು; ಹುಡುಗಿಯರಿಗೆ ಅರ್ಧ ದಿನಗಳು ಮೀಸಲಿರಬೇಕು. ಆಡಿದ ಮೇಲೆ ಆಟದ ಒಂದು ನಕ್ಷೆಯನ್ನಾದರೂ ತಿದ್ದಬೇಕೆಂಬ ನಿಯಮವಿದ್ದರೆ ಸಾಕು. ಹಣವನ್ನು ಪಣವಿಡುವ ಜಾಲದಾಟಗಳ ಭಯ ಇಲ್ಲಿ ಬೇಡ. ಅವುಗಳನ್ನು 2025ರ ಕೇಂದ್ರ ಕಾಯಿದೆ ನಿಷೇಧಿಸಿದೆ, ಮೇಲಾಗಿ ಈ ಕೋಣೆಗೆ ಇಂಟರ್‌ನೆಟ್ಟೂ ಬೇಕಾಗಿಲ್ಲ. ಹೊಸ ಯಂತ್ರಗಳೂ ಬೇಕಾಗಿಲ್ಲ. ಕೌಂಟರ್‌ಸ್ಟ್ರೈಕಿನ ಹಳೆಯ ಆವೃತ್ತಿಗೆ 500 ಮೆಗಾಹರ್ಟ್ಸ್ ವೇಗದ ಸಂಸ್ಕಾರಕ, 96 ಮೆಗಾಬೈಟ್ ನೆನಪು ಸಾಕು. ಕಚೇರಿಗಳು ಮೂಲೆಗೆ ಸರಿಸಿದ ಗಣಕಗಳೂ ಇದಕ್ಕಿಂತ ಎಷ್ಟೋ ಪಾಲು ಬಲಶಾಲಿ. ಅಂತಹ ಹತ್ತು ಯಂತ್ರಗಳಿಗೆ ತಲಾ 100 ವಾಟ್ ಎಂದರೂ ಗಂಟೆಗೆ ಖರ್ಚಾಗುವುದು ಒಂದು ಯೂನಿಟ್ ವಿದ್ಯುತ್ತು. ಬೇಸಗೆಯಲ್ಲಿ ಇದನ್ನು ಆರಂಭಿಸುವುದು ಬೇಡ. ಕಾರಣವನ್ನು ಮೇಲೆಯೇ ಹೇಳಿದ್ದೇವೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಈ ಕಡೆಯ ಸಂಜೆಗಳು ತಂಪಾಗಿರುತ್ತವೆ, ಕಿಟಕಿ ತೆರೆದರೆ ಫ್ಯಾನೂ ಬೇಡ.