ಮೀನಿನ ಶಾಸ್ತ್ರವೂ ನಮ್ಮ ಹೆಣ್ಣುಮಕ್ಕಳೂ

ಪ್ರತಿವರ್ಷ ಪರೀಕ್ಷೆಗಳ ಫಲವು ಪ್ರಕಟವಾದೊಡನೆ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯು ಒಂದೇ ಆಗಿರುತ್ತದೆ: “ಬಾಯಿಯವರೇ, ಹುಡುಗಿಗೆ ಮುಂದೆ ಏನು ಕಲಿಸೋಣ?” ಉತ್ತರವನ್ನೂ ಅವರು ಮನಸ್ಸಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಅಂಕಗಳು ಬಹಳ ಬಂದಿದ್ದರೆ ವೈದ್ಯಕೀಯ, ತುಸು ಕಡಿಮೆಯಾದರೆ ಇಂಜಿನಿಯರಿಂಗ್, ಇನ್ನೂ ಕಡಿಮೆಯಾದರೆ ದಾದಿಯ ಶಿಕ್ಷಣ ಇಲ್ಲವೆ ಶಿಕ್ಷಕಿಯ ತರಬೇತಿ. ಈ ಬಾಗಿಲುಗಳು ಒಳ್ಳೆಯವೇ. ಇವುಗಳ ಮೂಲಕ ಹೋದ ನಮ್ಮ ಪೂರ್ವವಿದ್ಯಾರ್ಥಿನಿಯರು ಎಷ್ಟೋ ಮನೆಗಳಿಗೆ ದೀಪವಾಗಿದ್ದಾರೆ. ಆದರೆ ಇವುಗಳ ಪಕ್ಕದಲ್ಲಿ ನಮ್ಮ ಸೀಮೆಯವರು ಕಣ್ಣೆತ್ತಿ ನೋಡದ ಇನ್ನೊಂದು ಬಾಗಿಲು ಉಂಟು. ಅದು ಮತ್ಸ್ಯವಿಜ್ಞಾನದ್ದು. ನೀರಿನಲ್ಲಿ ಮೀನನ್ನು ಬೆಳೆಸುವ, ಕಾಯುವ, ಕೆಡದಂತೆ ಪೇಟೆಗೆ ಮುಟ್ಟಿಸುವ ವಿದ್ಯೆಯನ್ನು ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಕಲಿಸುತ್ತಾರೆಂದರೆ ಕೇಳಿದವರು ಮೊದಲು ನಗುವರು. “ಮೀನು ಹಿಡಿಯುವದಕ್ಕೂ ಕಾಲೇಜು ಬೇಕೇ?” ಎನ್ನುವರು. ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡುವದು ಯೋಗ್ಯವೆಂದು ನಾವು ಭಾವಿಸಿದ್ದೇವೆ.

ಹಿಡಿಯುವದಕ್ಕೆ ಕಾಲೇಜು ಬೇಡ. ನಮ್ಮ ನದೀತೀರದ ಅಂಬಿಗರೂ ಭೋಯಿಗಳೂ ಕೋಳಿಗಳೂ ತಲೆತಲಾಂತರದಿಂದ ಆ ವಿದ್ಯೆಯಲ್ಲಿ ನಿಪುಣರೇ ಆಗಿದ್ದಾರೆ. ಬೆಳೆಸುವದಕ್ಕೆ ಮಾತ್ರ ಶಾಸ್ತ್ರ ಬೇಕು. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳು ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆಯಿಡುವದಿಲ್ಲ. ಮಳೆಗಾಲದಲ್ಲಿ ನದಿಗೆ ಮಹಾಪೂರ ಬಂದಾಗಲೇ ಅವು ಸಂತಾನಕ್ಕೆ ತೊಡಗುತ್ತವೆ. ಆದ್ದರಿಂದ ಹಿಂದೆ ಗಂಗೆಯಂತಹ ನದಿಗಳಲ್ಲಿ ಬಲೆಯೊಡ್ಡಿ, ಸಿಕ್ಕ ಮರಿಗಳನ್ನು ದೂರದ ಊರುಗಳಿಗೆ ಸಾಗಿಸುತ್ತಿದ್ದರು. ಅವುಗಳೊಡನೆ ಬೇಡದ ಜಾತಿಯ ಮರಿಗಳೂ ಬರುತ್ತಿದ್ದವು, ದಾರಿಯಲ್ಲಿ ಅರ್ಧ ಸಾಯುತ್ತಿದ್ದವು. 1957ನೆಯ ಇಸವಿಯ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ ಚೌಧುರಿ ಎಂಬ ವಿಜ್ಞಾನಿಯು ಕೆ. ಎಚ್. ಅಲಿಕುಂಞಿ ಅವರೊಡನೆ ಈ ತೊಡಕನ್ನು ಬಿಡಿಸಿದರು. ಮೀನಿನ ಮೆದುಳಿನ ಕೆಳಗೆ ಅಡಗಿರುವ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯನ್ನು ತೆಗೆದು, ಅರೆದು, ಅದರ ಸಾರವನ್ನು ತಾಯಿಮೀನಿಗೆ ಸೂಜಿಯಿಂದ ಚುಚ್ಚಿದರು. ಹೊಳೆಯ ಪೂರವಿಲ್ಲದೆಯೇ ಮೀನು ಮೊಟ್ಟೆಯಿಟ್ಟಿತು. ಒಂದು ಕಿಲೋ ತೂಕದ ರೋಹು ಲಕ್ಷಗಟ್ಟಲೆ ಮೊಟ್ಟೆಯಿಡುವದೆಂಬುದನ್ನು ನೆನೆದರೆ ಈ ಕಾರ್ಯದ ಮಹತ್ವ ತಿಳಿದೀತು. ಜುಲೈ 10ನ್ನು ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುವದು ಈ ಕಾರಣದಿಂದಲೇ. ಇಂದು ಮೀನು ಸಾಕಣೆಯಲ್ಲಿ ಭಾರತವು ಜಗತ್ತಿನಲ್ಲಿ ಎರಡನೆಯ ಸ್ಥಾನದಲ್ಲಿದೆ. 2022-23ರಲ್ಲಿ ದೇಶದ ಒಟ್ಟು ಮೀನಿನ ಉತ್ಪನ್ನವು ಸುಮಾರು 1 ಕೋಟಿ 75 ಲಕ್ಷ ಟನ್ನುಗಳಷ್ಟಿತ್ತು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಬಂದದ್ದು ಸಮುದ್ರದಿಂದಲ್ಲ, ಒಳನಾಡಿನ ನೀರಿನಿಂದ. ಸಮುದ್ರವನ್ನೇ ಕಾಣದ ಸೀಮೆಯವರಾದ ನಾವು ಈ ಮಾತನ್ನು ಲಕ್ಷ್ಯದಲ್ಲಿಡಬೇಕು.

ನಮಗೆ ಸಮುದ್ರವಿಲ್ಲ, ಆದರೆ ನೀರಿಲ್ಲವೆಂದು ಹೇಳುವಂತಿಲ್ಲ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲೂಕುಗಳಿಗೆ ಕೃಷ್ಣೆ. ನಿಪ್ಪಾಣಿಯ ಸೀಮೆಗೆ ವೇದಗಂಗೆ, ದೂಧಗಂಗೆ. ನೆರೆಯ ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಗೆ ಕಟ್ಟಿದ ಹಿಡಕಲ್ಲಿನ ಜಲಾಶಯ. ಇವುಗಳ ಮೇಲೆ ಹೊಲಹೊಲದಲ್ಲಿ ತೋಡಿದ ಕೃಷಿಹೊಂಡಗಳು, ಬಾವಿಗಳು, ಕಾಲುವೆಗಳು. 2005ರಲ್ಲಿಯೂ 2019ರಲ್ಲಿಯೂ ಬಂದ ಮಹಾಪೂರಗಳನ್ನು ನಮ್ಮಲ್ಲಿ ಮರೆತವರಿಲ್ಲ. ಬೇಸಿಗೆಯಲ್ಲಿ ಅದೇ ನದಿಯ ಪಾತ್ರ ಒಣಗಿ ಬಂಡೆ ಕಾಣುವದನ್ನೂ ಬಲ್ಲೆವು. ಇಷ್ಟು ನೀರಿನ ನಡುವೆ ಬಾಳುವ ನಾವು ಆ ನೀರನ್ನು ಕಬ್ಬಿಗೆ ಹಾಯಿಸುವದೊಂದನ್ನೇ ಕಲಿತಿದ್ದೇವೆ.

ಮತ್ಸ್ಯವಿಜ್ಞಾನದ ವಿದ್ಯಾರ್ಥಿನಿಯು ಮೊದಲು ಕಲಿಯುವದು ನೀರನ್ನೇ. ಒಂದು ದೃಷ್ಟಾಂತವನ್ನು ಕೊಡುವೆವು. ಬೇಸಿಗೆಯ ಮೋಡ ಮುಸುಕಿದ ದಿನದ ಮರುದಿನ, ಸೂರ್ಯೋದಯಕ್ಕೆ ಮುಂಚೆ, ಹೊಂಡದ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತಿರುತ್ತವೆ. ಒಡೆಯನು ಯಾರೋ ವಿಷ ಹಾಕಿದರೆಂದು ನೆರೆಯವನ ಮೇಲೆ ಜಗಳಕ್ಕೆ ಹೋಗುತ್ತಾನೆ. ನಿಜಸಂಗತಿಯೇನೆಂದರೆ, ನೀರನ್ನು ಹಸಿರಾಗಿಸುವ ಪಾಚಿಯು ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ತಾನೇ ಅದನ್ನು ಹೀರುತ್ತದೆ. ಮೋಡದ ದಿನ ಗಳಿಕೆ ಕಡಿಮೆ, ರಾತ್ರಿಯ ಖರ್ಚು ಎಂದಿನಂತೆ. ಬೆಳಗಿನ ಹೊತ್ತಿಗೆ ಗಂಟು ಬರಿದಾಗುತ್ತದೆ. ಗೆಂಡೆಮೀನು ಸುಖವಾಗಿರಲು ಲೀಟರು ನೀರಿನಲ್ಲಿ 5 ಮಿಲಿಗ್ರಾಮಿನಷ್ಟು ಆಮ್ಲಜನಕ ಕರಗಿರಬೇಕು. ಅದನ್ನು ಅಳೆಯಬಲ್ಲ ಹುಡುಗಿಯು ಹಿಂದಿನ ಸಂಜೆಯೇ ಗೊಬ್ಬರವನ್ನೂ ಮೇವನ್ನೂ ನಿಲ್ಲಿಸಿ, ಪಂಪು ಹಚ್ಚಿ ಹೊಸ ನೀರನ್ನು ಬಿಡಿಸಿ ಹೊಂಡವನ್ನು ಉಳಿಸುವಳು. ಕೊಳಚೆ ಸೇರಿದ ಹೊಳೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ, ಅದೇ ಅಳತೆಯು ದಂಡೆಯ ಊರುಗಳ ಪರವಾಗಿ ಸಾಕ್ಷಿ ನುಡಿಯಬಲ್ಲದು.

ಭಾರತದಲ್ಲಿಯೇ ಮೊದಲನೆಯದಾದ ಮೀನುಗಾರಿಕೆ ಕಾಲೇಜು ನಮ್ಮ ರಾಜ್ಯದ ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾಯಿತು. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಅಲ್ಲಿಯ ಬಿ.ಎಫ್.ಎಸ್‌ಸಿ. ಪದವಿಯಲ್ಲಿ ಮೀನಿನ ಶರೀರರಚನೆ, ತಳಿಶಾಸ್ತ್ರ, ಜಲರಸಾಯನ, ರೋಗಪರೀಕ್ಷೆ, ಮೇವಿನ ತಯಾರಿ, ಶೈತ್ಯೀಕರಣ, ದೋಣಿ-ಬಲೆಗಳ ವಿದ್ಯೆ, ಅರ್ಥಶಾಸ್ತ್ರ ಎಲ್ಲವೂ ಇವೆ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವನ್ನೊಳಗೊಂಡ ವಿಜ್ಞಾನವನ್ನು ಓದಿ ಸಿ.ಇ.ಟಿ. ಪರೀಕ್ಷೆಯ ಮೂಲಕ ಪ್ರವೇಶವನ್ನು ಪಡೆಯಬೇಕು. ಒಕ್ಕಲುತನದ ಮನೆಯ ಮಕ್ಕಳಿಗಾಗಿ ಇಂಥ ಪದವಿಗಳಲ್ಲಿ ಒಂದು ಪಾಲು ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಅದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆಯೊಂದಿರುವದನ್ನು ಪಾಲಕರು ಮುಂಚಿತವಾಗಿ ತಿಳಿದಿರಬೇಕು. ಬೀಜ, ಗೊಬ್ಬರ, ಉಪಕರಣಗಳ ಪರಿಚಯ ಹೊಲದಲ್ಲಿ ದುಡಿದ ಹುಡುಗಿಗೆ ಹೊಸದೇನಲ್ಲ. ನಿಪ್ಪಾಣಿಯವರಿಗೆ ರತ್ನಾಗಿರಿಯು ಮಂಗಳೂರಿಗಿಂತ ಹತ್ತಿರ. ಅಲ್ಲಿಯೂ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠಕ್ಕೆ ಸೇರಿದ ಮತ್ಸ್ಯ ಕಾಲೇಜು ಉಂಟು. ಆದರೆ ಪ್ರವೇಶದ ನಿಯಮಗಳು ಬಹುಮಟ್ಟಿಗೆ ಆಯಾ ರಾಜ್ಯದ ನಿವಾಸಿಗಳಿಗೇ ಅನುಕೂಲವಾಗಿರುತ್ತವೆ. ಗಡಿಯ ಮೇಲಿನ ನಮ್ಮ ಮನೆಗಳು ಇದನ್ನು ವಿಚಾರಿಸಿ ಹೆಜ್ಜೆಯಿಡತಕ್ಕದ್ದು. ಮುಂದೆ ಉಚ್ಚ ಪದವಿಗಾಗಿ ಮುಂಬಯಿಯಲ್ಲಿ 1961ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯಿದೆ.

ಇನ್ನು ಆಕ್ಷೇಪಗಳು. ನಮ್ಮ ಸೀಮೆಯಲ್ಲಿ ಲಿಂಗಾಯತರೂ ಜೈನರೂ ಬಹಳ. ಮೀನಿನ ವಾಸನೆಯೂ ಬರಬಾರದೆನ್ನುವ ಮನೆಗಳ ಹುಡುಗಿಯರು ನಮ್ಮ ಶಾಲೆಯಲ್ಲಿ ಓದಿದ್ದಾರೆ, ಓದುತ್ತಿದ್ದಾರೆ. ಅವರ ಆಚಾರವನ್ನು ನಾವು ಹಗುರಾಗಿ ಕಾಣುವದಿಲ್ಲ. ಈ ಪದವಿಯಲ್ಲಿ ಮೀನನ್ನು ಕೊಯ್ದು ನೋಡುವ ಪ್ರಯೋಗಗಳು ಇದ್ದೇ ಇರುತ್ತವೆ. ಅದು ಯಾರ ಅಂತಃಕರಣಕ್ಕೆ ಒಗ್ಗದೋ ಅವರನ್ನು ಒತ್ತಾಯಿಸುವದು ಸಲ್ಲದು. ಆದರೆ ಆಚಾರದ ಮಾತು ಬೇರೆ, ತಿರಸ್ಕಾರದ ಮಾತು ಬೇರೆ. ಮೀನು ತಿನ್ನುವ ಮನೆಯವರೂ “ಮೀನಿನ ಕೆಲಸವೇ? ಅದು ಅಂಬಿಗರದು” ಎಂದು ಮೂಗು ಮುರಿಯುವದನ್ನು ನಾವು ಕೇಳಿದ್ದೇವೆ. ಇತ್ತ ಅಂಬಿಗರ ಮನೆಯ ಹುಡುಗಿಯು ಚೆನ್ನಾಗಿ ಓದಿದರೆ, ತಾಯಿಯ ಬುಟ್ಟಿಯಿಂದ ಆದಷ್ಟು ದೂರ ಓಡುವದೇ ವಿದ್ಯೆಯ ಫಲವೆಂದು ತಿಳಿಯುತ್ತಾಳೆ. ಇದರಲ್ಲಿ ತಪ್ಪು ಹುಡುಗಿಯದಲ್ಲ, ನಗುವವರದು. ವಾರದ ಸಂತೆಯಲ್ಲಿ ಕುಳಿತ ಆ ತಾಯಿಯು ಕಿವಿರಿನ ಬಣ್ಣವನ್ನು ನೋಡಿ ಮೀನು ಎಷ್ಟು ಹೊತ್ತಿನದೆಂದು ಹೇಳಬಲ್ಲಳು. ಮಗಳು ಅದೇ ಜ್ಞಾನವನ್ನು ಸೂಕ್ಷ್ಮದರ್ಶಕದ ಮುಂದೆ ಕುಳಿತು ಪೂರ್ಣಗೊಳಿಸಿದರೆ ಕುಂದೇನು?

ಕೆಸರಿನ ಕೆಲಸ, ಹೊತ್ತಲ್ಲದ ಹೊತ್ತಿನ ಕೆಲಸ, ಹೆಣ್ಣಿಗೆ ತಕ್ಕದ್ದಲ್ಲವೆಂಬ ಮಾತೂ ಬರುತ್ತದೆ. ಗದ್ದೆಯ ನಾಟಿಯು ಯಾರ ಕೆಲಸವೆಂದು ಕೇಳಬೇಕೆನಿಸುತ್ತದೆ! ಆಂಧ್ರದಲ್ಲಿ ಹುಟ್ಟಿದ ಎಂ. ವಿಜಯ ಗುಪ್ತ ಎಂಬ ವಿಜ್ಞಾನಿಯು ಬಾಂಗ್ಲಾದೇಶದ ಹಳ್ಳಿಗಳ ಬಡ ಸ್ತ್ರೀಯರಿಗೆ ಮನೆಯ ಹತ್ತಿರದ ಸಣ್ಣ ಹೊಂಡಗಳಲ್ಲಿ ಮೀನು ಸಾಕುವದನ್ನು ಕಲಿಸಿದರು. 2005ರಲ್ಲಿ ಅವರಿಗೆ ವಿಶ್ವ ಆಹಾರ ಪಾರಿತೋಷಕವು ಲಭಿಸಿತು. ಅದೇ ಪಾರಿತೋಷಕವು 2021ರಲ್ಲಿ ಟ್ರಿನಿಡಾಡಿನಲ್ಲಿ ಭಾರತೀಯ ಮೂಲದ ಮನೆತನದಲ್ಲಿ ಜನಿಸಿದ ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್ ಎಂಬ ವಿದುಷಿಗೆ ದೊರೆಯಿತು. ದೊಡ್ಡ ಗೆಂಡೆಯೊಡನೆ ಸಣ್ಣ ಮೀನುಗಳನ್ನೂ ಅದೇ ಹೊಂಡದಲ್ಲಿ ಬೆಳೆಸಿ, ಇಡಿಯಾಗಿ ತಿಂದರೆ ತಾಯಂದಿರಿಗೂ ಕೂಸುಗಳಿಗೂ ಅತ್ಯವಶ್ಯವಾದ ಎ ಜೀವಸತ್ವವು ದೊರೆಯುವದೆಂದು ಆಕೆ ತೋರಿಸಿಕೊಟ್ಟರು.

ಕಲಿತ ಮೇಲೆ ಕೆಲಸವೇನು? ಮಧುರವಾದ ಮಾತುಗಳಿಂದ ಯಾರನ್ನೂ ಮರುಳುಗೊಳಿಸುವದು ನಮಗೆ ಬೇಡ. ರಾಜ್ಯದ ಮೀನುಗಾರಿಕೆ ಇಲಾಖೆಯಲ್ಲಿ ಸಹಾಯಕ ನಿರ್ದೇಶಕರ ಹುದ್ದೆಗಳಿವೆ. ಅವುಗಳನ್ನು ಲೋಕಸೇವಾ ಆಯೋಗದ ಮೂಲಕ ತುಂಬುತ್ತಾರೆ. ಆದರೆ ಅವು ಕೆಲವೇ, ಕರೆಯುವದೂ ಅಪರೂಪ. ಸರಕಾರದ ಕುರ್ಚಿಯೊಂದನ್ನೇ ನಂಬಿ ಈ ಪದವಿಗೆ ಹೋಗುವವಳು ಬಹಳ ದಿನ ದಾರಿ ಕಾಯಬೇಕಾದೀತು. ಬ್ಯಾಂಕುಗಳ ಕೃಷಿ ಅಧಿಕಾರಿಗಳ ಪರೀಕ್ಷೆಗೆ ಈ ಪದವೀಧರರು ಅರ್ಹರು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತಜ್ಞರಾಗಬಹುದು. ಉಚ್ಚ ಪದವಿ ಪಡೆದವರು ಅಧ್ಯಾಪಕಿಯರೂ ವಿಜ್ಞಾನಿಗಳೂ ಆಗಬಹುದು. ಖಾಸಗಿಯಾಗಿ ಮರಿಕೇಂದ್ರಗಳು, ಮೇವಿನ ಕಾರ್ಖಾನೆಗಳು, ಆಂಧ್ರದ ತೀರದ ಸೀಗಡಿಯ ಪ್ರಯೋಗಶಾಲೆಗಳು, ರಫ್ತಿನ ಕಾರ್ಖಾನೆಗಳು ಇವೆ. ರಫ್ತಿನ ವಿಷಯದಲ್ಲಿ ಒಂದು ಮಾತು: ನಿಷಿದ್ಧ ಔಷಧದ ಅಂಶವು ಸೀಗಡಿಯಲ್ಲಿ ಕಂಡುಬಂದರೆ ಯುರೋಪಿನವರು ಇಡೀ ಮಾಲನ್ನು ತಿರುಗಿ ಕಳಿಸುತ್ತಾರೆ, ಆದ್ದರಿಂದ ಪರೀಕ್ಷೆ ಮಾಡುವವರ ಸಹಿಗೆ ಅಲ್ಲಿ ಬೆಲೆಯಿದೆ. ಮೊದಲ ವರ್ಷಗಳ ಪಗಾರವು ಇಂಜಿನಿಯರರಷ್ಟು ಇರಲಾರದೆಂಬುದನ್ನೂ ಹೇಳಿಬಿಡುವದು ಪ್ರಾಮಾಣಿಕತನ.

ಆದರೆ ನಮ್ಮ ಮನಸ್ಸು ಹೆಚ್ಚಾಗಿ ನಿಲ್ಲುವದು ಊರಿಗೆ ಮರಳುವ ಹುಡುಗಿಯ ಮೇಲೆ. ಕಾಗವಾಡ, ಅಥಣಿಗಳ ನದೀತೀರದಲ್ಲಿ ಸವಳು ಹಿಡಿದ ಭೂಮಿಯನ್ನು ಎಲ್ಲರೂ ನೋಡಿದ್ದೇವೆ. ಕರಿಯ ನೆಲಕ್ಕೆ ವರ್ಷಗಟ್ಟಲೆ ಮಿತಿಮೀರಿ ನೀರುಣಿಸಿದ್ದರಿಂದ ಅಂತರ್ಜಲವು ಮೇಲೇರಿ, ಜೊತೆಗೆ ಉಪ್ಪನ್ನೂ ತಂದು ಮೇಲೆ ಚೆಲ್ಲಿದೆ. ಒಂದು ಕಾಲಕ್ಕೆ ಕಬ್ಬು ಆಳೆತ್ತರ ನಿಂತ ಹೊಲದಲ್ಲಿ ಈಗ ಬಿಳಿಯ ಪೊರೆ, ಜಾಲಿಯ ಗಿಡ. ಹರಿಯಾಣದ ರೋಹತಕದ ಬಳಿ ಮುಂಬಯಿಯ ಅದೇ ಸಂಸ್ಥೆಯ ವಿಜ್ಞಾನಿಗಳು ಇಂಥ ಉಪ್ಪುನೆಲದ ನೀರಿನಲ್ಲಿ ಸೀಗಡಿಯನ್ನು ಬೆಳೆಸಿ ತೋರಿಸಿದ್ದಾರೆ. ನೆಲದೊಳಗಿನ ಉಪ್ಪುನೀರಿನಲ್ಲಿ ಸಮುದ್ರದಲ್ಲಿರುವಷ್ಟು ಪೊಟ್ಯಾಸಿಯಮ್ ಇರುವದಿಲ್ಲ. ಅದನ್ನು ಲೆಕ್ಕ ಹಾಕಿ ಕೂಡಿಸದಿದ್ದರೆ ಸೀಗಡಿಯು ಬದುಕದು. ಹಾಗೆಂದು ಹರಿಯಾಣದ ಲೆಕ್ಕವನ್ನು ಕಾಗವಾಡಕ್ಕೆ ತಂದು ಅಂಟಿಸಲಾಗದು. ನಮ್ಮ ಮಣ್ಣಿನ ಉಪ್ಪು ಬೇರೆ, ಒಂದೊಂದು ಬಾವಿಯ ನೀರನ್ನೂ ಪರೀಕ್ಷಿಸಬೇಕು, ಹೊಂಡದ ಉಪ್ಪುನೀರು ನೆರೆಯವರ ಸಿಹಿಬಾವಿಗೆ ಇಳಿಯದಂತೆ ನೋಡಬೇಕು, ಅಪ್ಪಣೆಯನ್ನೂ ಪಡೆಯಬೇಕು. ಈ ಕೆಲಸವನ್ನು ಮೊಬೈಲಿನಲ್ಲಿ ಎರಡು ಚಿತ್ರ ನೋಡಿದವರು ಮಾಡಲಾರರು. ಬಯೋಫ್ಲಾಕ್ ಎಂಬ ತೊಟ್ಟಿಯ ಸಾಕಣೆಗೆ ಹಾಗೆಯೇ ಧುಮುಕಿದವರು, ಗಾಳಿಯ ಯಂತ್ರವು ಕೆಲವು ತಾಸು ನಿಂತರೂ ತೊಟ್ಟಿಯೆಲ್ಲ ಸತ್ತು ತೇಲುವದೆಂಬುದನ್ನು ಕರೆಂಟು ಹೋದ ರಾತ್ರಿಯೇ ಕಲಿತರು.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಘಟಕದ ವೆಚ್ಚದ ಶೇಕಡಾ 40ರಷ್ಟು ಸಹಾಯಧನವನ್ನು ಗೊತ್ತುಪಡಿಸಿದ್ದರೆ, ಸ್ತ್ರೀಯರಿಗೆ ಶೇಕಡಾ 60ನ್ನು ಇಡಲಾಗಿತ್ತು. ಹೆಂಡತಿಯ ಹೆಸರಿನಲ್ಲಿ ಅರ್ಜಿ, ಗಂಡನ ಕೈಯಲ್ಲಿ ಹೊಂಡ ಎಂದಾದರೆ ಇಂಥ ಔದಾರ್ಯದಿಂದ ಏನೂ ಸಾಧಿಸದು. ಅರ್ಜಿಯಲ್ಲಿ ಹೆಸರಿರುವವಳಿಗೇ ಶಾಸ್ತ್ರವೂ ಗೊತ್ತಿದ್ದರೆ ಸಂಗತಿಯೇ ಬೇರೆ.

ಮಂಗಳೂರು ಒಂದು ರಾತ್ರಿಯ ಪ್ರಯಾಣ, ಭಾಷೆಯ ಧಾಟಿ ಬೇರೆ, ಊಟ ಬೇರೆ ಎಂಬ ತಾಯಂದಿರ ಅಳುಕು ನಮಗೆ ತಿಳಿಯದ್ದಲ್ಲ. ಆದರೆ ಇದೇ ತಾಯಂದಿರು ವೈದ್ಯಕೀಯದ ಸ್ಥಾನ ಸಿಕ್ಕರೆ ಕಲಬುರ್ಗಿಗೂ ಮೈಸೂರಿಗೂ ಎರಡನೆಯ ವಿಚಾರವಿಲ್ಲದೆ ಕಳಿಸುತ್ತಾರಷ್ಟೆ. ಮೊದಲು ಹತ್ತಿರದಲ್ಲಿಯೇ ನೋಡಬೇಕೆನ್ನುವವರು ವಿಜಯಪುರದ ಭೂತನಾಳದಲ್ಲಿರುವ ಬೀದರ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರಕ್ಕೆ ಮಗಳನ್ನು ಕರೆದುಕೊಂಡು ಒಂದು ದಿನ ಹೋಗಿಬರಬಹುದು. ಅಥಣಿಯವರಿಗೆ ಅದೇನೂ ದೂರವಲ್ಲ. ಈ ವಿದ್ಯೆಯನ್ನು ಕಲಿತ ಪೂರ್ವವಿದ್ಯಾರ್ಥಿನಿಯರು ಎಲ್ಲಿಯೇ ಇದ್ದರೂ ಶಾಲೆಗೆ ಪತ್ರ ಬರೆಯಬೇಕೆಂದು ಕೋರುತ್ತೇವೆ. ಹತ್ತನೆಯ ಇಯತ್ತೆಯ ಹುಡುಗಿಯರೆದುರು ಅವರು ಅರ್ಧ ತಾಸು ಮಾತನಾಡಿದರೆ ನಮ್ಮ ಈ ಲೇಖನಕ್ಕಿಂತ ಹೆಚ್ಚಿನ ಕೆಲಸವಾದೀತು. ಈ ವರ್ಷ ಸಿ.ಇ.ಟಿ.ಗೆ ಕುಳಿತವರ ಪಾಲಕರಲ್ಲಿ ನಮ್ಮ ಬೇಡಿಕೆಯು ಚಿಕ್ಕದು. ಆಯ್ಕೆಗಳ ಯಾದಿಯನ್ನು ತುಂಬುವಾಗ ಮೀನುಗಾರಿಕೆಯ ಪದವಿಯನ್ನು ನಾಲ್ಕನೆಯದಾಗಿಯೋ ಐದನೆಯದಾಗಿಯೋ ಬರೆಯಿರಿ, ಆದರೆ ಮಗಳನ್ನು ಕೇಳದೆ ಅದನ್ನು ಬಿಟ್ಟುಬಿಡಬೇಡಿರಿ.