‘ಹಸಿ ಕಸ’ ಎಂಬ ಪದ ಮತ್ತು ಹಿತ್ತಲ ಕೋಳಿ

ನಾಗಪುರದ ಮನೆಗಳಲ್ಲಿ ಓಲಾ ಕಚರಾ, ಸುಕಾ ಕಚರಾ; ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ. 2016ರ ಘನತ್ಯಾಜ್ಯ ನಿಯಮಗಳ ನಂತರ ಊರೂರಿನಲ್ಲೂ ಎರಡು ಬುಟ್ಟಿಗಳ ಈ ಭಾಷೆ ನೆಲೆಯೂರಿದೆ. ಗೊಬ್ಬರದ ಗುಂಡಿಗೆ ಇಷ್ಟು ವಿಂಗಡಣೆ ಸಾಕು. ಆದರೆ ಹಿತ್ತಲಲ್ಲಿ ನಾಲ್ಕೈದು ಕೋಳಿ ಸಾಕುವವರು ಓಲಾ ಬುಟ್ಟಿಯನ್ನೇ ಗೂಡಿಗೆ ಸುರಿದು, ಕಸವೂ ಕರಗಿತು ಮೊಟ್ಟೆಯೂ ಬಂತು ಎಂದು ಹಿಗ್ಗುವುದುಂಟು. ನನ್ನ ತಕರಾರು ಅದಕ್ಕೆ.

ಅಡುಗೆಮನೆಯ ಕನ್ನಡದಲ್ಲಿ ಹೀಗೆ ಎಲ್ಲವನ್ನೂ ಒಂದಾಗಿಸುವ ಪದ ಇರಲಿಲ್ಲ. ಸಿಪ್ಪೆ, ತಂಗಳು, ಹಳಸಿದ್ದು, ಬೂಷ್ಟು ಹಿಡಿದದ್ದು, ಎಂಜಲು ಎಲ್ಲ ಬೇರೆ ಬೇರೆ. ದನಕ್ಕೆ ಹೋಗುವ ಕಲಗಚ್ಚಿಗೆ ಪಾತ್ರೆಯೇ ಬೇರೆ. ಇವುಗಳಲ್ಲಿ ಕೆಲವು ಪದಗಳ ಮೇಲೆ ಮಡಿ-ಮೈಲಿಗೆಯ ಹೊರೆಯಿದೆ, ನಿಜ. ಅದನ್ನು ಇಳಿಸಿಟ್ಟರೂ ವಿಂಗಡಣೆಯ ವಿವೇಕ ಉಳಿಯುತ್ತದೆ. ಕೋಳಿಗೆ ಬೇಕಾಗಿರುವುದು ಆ ವಿವೇಕವೇ.

ಸಿಪ್ಪೆಯಿಂದ ಶುರುಮಾಡೋಣ. ಸೌತೆ, ಕುಂಬಳ, ಕಲ್ಲಂಗಡಿಯ ಸಿಪ್ಪೆ, ಕೋಸಿನ ಹೊರಗಿನ ಎಲೆ, ಪಾಲಕ್ ದಂಟು ಇವನ್ನು ತೊಳೆದು ಸಣ್ಣಗೆ ಹೆಚ್ಚಿ ಹಾಕಬಹುದು. ಬಿಸಿಲು 45 ಡಿಗ್ರಿ ದಾಟುವ ನಾಗಪುರದ ಮೇ ತಿಂಗಳಲ್ಲಿ ಇವು ಹಿತವೇ. ಹಸಿರುಗಟ್ಟಿದ ಆಲೂಗಡ್ಡೆಯ ಸಿಪ್ಪೆಯಲ್ಲಿ ಸೋಲನಿನ್, ಬೆಣ್ಣೆಹಣ್ಣಿನ ಸಿಪ್ಪೆ-ಬೀಜದಲ್ಲಿ ಪರ್ಸಿನ್, ಬೇಯಿಸದ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷವಿದೆ, ಇವು ಬೇಡ. ಈರುಳ್ಳಿಯನ್ನೂ ರಾಶಿ ಹಾಕಬಾರದು.

ತಂಗಳಿನಲ್ಲಿ ಉಪ್ಪಿಲ್ಲದ ಅನ್ನ ಒಂದು ಹಿಡಿ ಆಗಬಹುದು. ಇಲ್ಲಿನ ಸಾವಜಿ ರಸ್ಸಾ ಉಳಿದರೆ? ಅದರ ಖಾರ ಕೋಳಿಗೆ ತಾಗುವುದೇ ಇಲ್ಲ. ಮೆಣಸಿನ ಕ್ಯಾಪ್ಸೈಸಿನ್ ನಮ್ಮ ನಾಲಿಗೆ ಸುಟ್ಟಂತೆ ಹಕ್ಕಿಗಳ ನಾಲಿಗೆ ಸುಡದು. ಕೇಡು ಮಾಡುವುದು ಉಪ್ಪು ಮತ್ತು ಎಣ್ಣೆ.

ಬೂಷ್ಟಿನ ವಿಷಯದಲ್ಲಿ ರಾಜಿಯೇ ಇಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಗೆ ಹಿಡಿದ ಬೂಷ್ಟು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಆ ಸಾವುಗಳಿಂದಲೇ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ಇನ್ನು ಮಾಂಸ ತಾಗಿದ ಎಂಜಲು. 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡಾ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಸತ್ತವು. ಹಕ್ಕಿಜ್ವರವೆಂದು ಮುಂದಿನ ತಿಂಗಳು ಖಚಿತವಾಯಿತು. ತಿನ್ನಲು ಕೊಟ್ಟ ಕೋಳಿಮಾಂಸದಿಂದ ಬಂದಿರಬಹುದೆಂಬ ಅನುಮಾನ ಆಗಲೇ ಎದ್ದಿತ್ತು. ಅಂಗಡಿಯ ಕೋಳಿಯ ಚರ್ಮ, ಕರುಳು, ತೊಳೆದ ನೀರು ಸೊಪ್ಪಿನ ಜೊತೆ ಒಂದೇ ಬುಟ್ಟಿಯಲ್ಲಿದ್ದರೆ ರೋಗ ಗೂಡಿಗೂ ಹೋಗಬಹುದು. ಬ್ರಿಟನ್ನಿನಲ್ಲಿ ಮನೆಯ ಅಡುಗೆಮನೆ ಹೊಕ್ಕ ತರಕಾರಿ ಸಿಪ್ಪೆಯನ್ನೂ ಕೋಳಿಗೆ ಹಾಕುವುದು ಕಾನೂನುಬಾಹಿರ. ಹಾಲು-ಮೊಟ್ಟೆಯನ್ನೂ ಬಳಸದ ಮನೆಗಳಿಗೆ ಮಾತ್ರ ವಿನಾಯಿತಿ. ಕೋಳಿ ಸಾಕಿ ನಾಲ್ಕು ಕಾಸು ಕಾಣುವ ನಮ್ಮ ಬಡ ಮನೆಗಳ ಮೇಲೆ ಅಂಥ ಕಾನೂನು ಹೇರಬೇಕೆಂದು ನಾನು ಹೇಳುತ್ತಿಲ್ಲ. ಅದರ ಹಿಂದಿನ ಎಚ್ಚರವನ್ನಾದರೂ ಎರವಲು ಪಡೆಯೋಣ.

‘ಊರ ಕೋಳಿ ತಿಪ್ಪೆ ಕೆದಕಿಯೇ ಬದುಕಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಬದುಕಿತು. ತಿಪ್ಪೆಯ ಕೋಳಿಗೆ ಆಯ್ಕೆಯಿತ್ತು. ಹುಳು, ಕಾಳು, ಗರಿಕೆ ಹೆಕ್ಕಿ ಉಳಿದದ್ದನ್ನು ಬಿಟ್ಟು ನಡೆಯುತ್ತಿತ್ತು. ನಗರದ ಜಾಲರಿಯೊಳಗಿನ ಕೋಳಿ ಹಸಿದಾಗ ನಾವು ಹಾಕಿದ್ದನ್ನೇ ತಿನ್ನಬೇಕು.

ಸಿಪ್ಪೆಯಲ್ಲಿ ಬಹುಪಾಲು ನೀರು. ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೇ 2 ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಸೊಪ್ಪಿನಿಂದಲೇ ಹೊಟ್ಟೆ ತುಂಬಿಸಿದರೆ ಚಿಪ್ಪು ತೆಳುವಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಕೋಳಿ ಆಹಾರ, ಸಂಜೆ ಹತ್ತರಲ್ಲಿ ಒಂದು ಪಾಲು ಸಿಪ್ಪೆ. ಉಳಿದದ್ದನ್ನು ಕತ್ತಲಾಗುವ ಮೊದಲೇ ತೆಗೆಯಬೇಕು. ಇಲ್ಲಿನ ಸೆಕೆಗೆ ಬೆಳಗಿನ ಸೊಪ್ಪು ಮಧ್ಯಾಹ್ನಕ್ಕೇ ಕೊಳೆಯುತ್ತದೆ.

ತರಕಾರಿ ಹೆಚ್ಚುವ ಮಣೆಯ ಪಕ್ಕ ಕೋಳಿಗೆಂದೇ ಒಂದು ಬಟ್ಟಲು ಇಟ್ಟರೆ ಸಾಕು. ಕಸದ ಗಾಡಿಗೆ ‘ಹಸಿ’ ಎಂದರೆ ಒದ್ದೆ. ಹೆಚ್ಚುವ ಕೈಗೆ ‘ಹಸಿ’ ಎಂದರೆ ಈಗಷ್ಟೇ ಕತ್ತರಿಸಿದ್ದು, ಬೇಯದ್ದು, ಕೆಡದ್ದು. ಆ ಬಟ್ಟಲಿಗೆ ಬೀಳಬೇಕಾದದ್ದು ಈ ಎರಡನೆಯ ಅರ್ಥದ ಹಸಿ ಮಾತ್ರ.