ಸಭಾಸೇವೆಯೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ

ಈ ಶಾಲೆಯಲ್ಲಿ ಕಲಿತುಹೋದ ಸಹೋದರಿಯರನ್ನು, ನೀವು ಸಭೆಯಲ್ಲಿ ಯಾವ ಸೇವೆಯನ್ನು ಮಾಡುತ್ತಿರುವಿರೆಂದು ಕೇಳಿದರೆ, ಗಾಯನ ಮಂಡಳಿಯಲ್ಲಿ ಹಾಡುತ್ತೇವೆಂದೋ ಸುಗ್ಗಿಯ ಹಬ್ಬದಲ್ಲಿ ಅಡಿಗೆಗೆ ನಿಲ್ಲುತ್ತೇವೆಂದೋ ಉತ್ತರ ಬರುವುದು. ಇವು ಹೀನವಾದ ಸೇವೆಗಳಲ್ಲ. ಹಸಿದವರಿಗೆ ಬಡಿಸಿದ ಕೈ ಧನ್ಯವಾದುದೇ. ಆದರೆ ಲೆಕ್ಕವನ್ನೂ ಪತ್ರಲೇಖನವನ್ನೂ ಚೆನ್ನಾಗಿ ಕಲಿತವರು ಸಭೆಯ ಆಡಳಿತ ಸಮಿತಿಯ ಬಾಗಿಲ ಹೊರಗೇ ನಿಂತಿರುವುದು ನನಗೆ ಸರಿತೋರದು.

ಸ್ತ್ರೀಯರಿಗೆ ಇದು ಸಲ್ಲದೆಂಬವರು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯವನ್ನು ತೆರೆದು ನೋಡಲಿ. ಅಲ್ಲಿ ಪೌಲನು ಮೊದಲು ಹೆಸರಿಸುವುದು ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯನ್ನು. 1947ರಲ್ಲಿ ಐಕ್ಯವಾದ ದಕ್ಷಿಣ ಇಂಡಿಯಾ ಸಭೆಯು 1976ರಲ್ಲಿ ಮೊದಲಾಗಿ ಒಬ್ಬ ಸ್ತ್ರೀಗೆ ಸಭಾಪಾಲಕ ದೀಕ್ಷೆಯನ್ನು ಕೊಟ್ಟಿತು. 2013ರಲ್ಲಿ ಪುಷ್ಪಲಲಿತಾ ಅವರು ಬಿಷಪರಾಗಿ ಅಭಿಷಿಕ್ತರಾದರು. ಬಿಷಪರ ಪೀಠಕ್ಕೆ ಸಲ್ಲುವ ಸ್ತ್ರೀಯು ಲೆಕ್ಕದ ಪುಸ್ತಕಕ್ಕೆ ಸಲ್ಲಳೆ?

ಎಲ್ಲರೂ ಸಮಿತಿಗೇ ಹೋಗಬೇಕೆಂದಲ್ಲ. (ಅಲ್ಲಿಯ ವಾಗ್ವಾದಗಳನ್ನು ಬಲ್ಲವರು ಬಯಸುವುದೂ ಇಲ್ಲ!) ಹಿಂದೆ ಬೈಬಲ್ ಸ್ತ್ರೀಯರು ಮನೆಮನೆಗೆ ಹೋಗಿ, ಹೊರಗೆ ಬಾರದ ಹೆಂಗಸರಿಗೆ ಅಕ್ಷರವನ್ನೂ ದೇವರ ವಾಕ್ಯವನ್ನೂ ಕಲಿಸುತ್ತಿದ್ದರು. ಇಂದು ಮಕ್ಕಳು ದೂರದೇಶ ಸೇರಿದ ಎಷ್ಟೋ ಮನೆಗಳಲ್ಲಿ ಕಣ್ಣು ಮಂಜಾದ ವೃದ್ಧೆಯರು ಒಂಟಿಯಾಗಿದ್ದಾರೆ. ವಾರಕ್ಕೊಮ್ಮೆ ಹೋಗಿ ಒಂದು ಕೀರ್ತನೆಯನ್ನು ಓದಿ, ಔಷಧದ ಚೀಟಿಯನ್ನು ನೋಡಿ, ಬ್ಯಾಂಕಿನ ಕಾಗದವನ್ನು ಬಿಡಿಸಿ ಹೇಳುವುದಕ್ಕೆ ದೀಕ್ಷೆಯೂ ಬೇಡ, ಚುನಾವಣೆಯೂ ಬೇಡ.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಮುಂದಿನ ಸಭಾ ಚುನಾವಣೆಯಲ್ಲಿ ನಿಮ್ಮ ಮಗಳು ನಿಲ್ಲುವೆನೆಂದರೆ, ಅದು ಗಂಡಸರ ಕೆಲಸವೆಂದು ತಡೆಯಬೇಡಿರಿ. ಸಮಿತಿಯ ಕೂಟವು ರಾತ್ರಿ ತಡವಾಗಿ ಮುಗಿದರೆ, ಅವಳನ್ನು ಕರೆತರುವುದಕ್ಕೆ ಮನೆಯಿಂದ ಒಬ್ಬರು ಹೋಗಿರಿ.